ಕಬ್ಬಿಣ ಉಳಿಯಲಿ, ಬೋರ್ಡು ಬದಲಾಗಲಿ

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮೂರಿನ ವಾಚನಾಲಯದ ವಾರ್ಷಿಕ ಸಭೆಯ ಮುಂದೆ ಒಂದು ಸಣ್ಣ ಠರಾವು ಬಂದಿತು. ಎರಡು ವರ್ಷಗಳಿಂದ ಮೂಲೆ ಸೇರಿದ್ದ ಹಳೆಯ ಆಂಪ್ಲಿಫೈಯರನ್ನು ಗುಜರಿಗೆ ಹಾಕುವುದು ಮತ್ತು ಅದರ ಜಾಗದಲ್ಲಿ ಹೊಸದನ್ನು ಕೊಳ್ಳುವುದು. ಯಾರ ವಿರೋಧವೂ ಇರಲಿಲ್ಲ. ಸಿಡಿಲು ಬಡಿದು ಸುಟ್ಟುಹೋದ ಯಂತ್ರವನ್ನು ಇಟ್ಟುಕೊಂಡು ಮಾಡುವುದೇನು ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. ನಾನು ಮಾತ್ರ ಒಂದು ತಿಂಗಳ ಗಡುವು ಬೇಡಿದೆ. ಸಭೆ ನಗುತ್ತಲೇ ಒಪ್ಪಿತು. ಮಣ್ಣು ಪರೀಕ್ಷೆ ಮಾಡುವ ಮನುಷ್ಯನಿಗೆ ಆಂಪ್ಲಿಫೈಯರಿನಲ್ಲಿ ಏನು ಕೆಲಸ ಎಂದು ಹಿರಿಯರೊಬ್ಬರು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆ ಯಂತ್ರವನ್ನು 1980ರ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರದ ರೇಡಿಯೋ ಅಂಗಡಿಯವರೊಬ್ಬರು ಕೈಯಾರೆ ಕಟ್ಟಿಕೊಟ್ಟಿದ್ದರು. ದಪ್ಪ ತಗಡಿನ ಪೆಟ್ಟಿಗೆ, ಎರಡು ಚಾನೆಲ್, ಹಿಂಬದಿಯಲ್ಲಿ ಟೋಪಿಯಾಕಾರದ ನಾಲ್ಕು ಲೋಹದ ಟ್ರಾನ್ಸಿಸ್ಟರುಗಳು. ತಾಳಮದ್ದಳೆಯ ಕ್ಯಾಸೆಟ್ಟುಗಳನ್ನೂ ರೇಡಿಯೋದ ಕೃಷಿರಂಗವನ್ನೂ ಊರು ಅದರಿಂದಲೇ ಕೇಳಿತು. ಗಣಿಗಾರಿಕೆಯ ವಿರುದ್ಧ ಹಳ್ಳಿಹಳ್ಳಿಗಳಲ್ಲಿ ಸಭೆಗಳು ನಡೆಯುತ್ತಿದ್ದ ದಿನಗಳಲ್ಲಿ ಭಾಷಣಗಳ ಧ್ವನಿಮುದ್ರಣವನ್ನು ಹತ್ತಾರು ಜನ ಕೂಡಿ ಕೇಳುತ್ತಿದ್ದುದೂ ಅದರಿಂದಲೇ. ಅಂಥ ವಸ್ತುವಿನ ಮೇಲೆ ಊರಿಗೆ ಮಮತೆಯಿರುವುದು ಸಹಜ. ಆದರೆ ನನ್ನ ವಾದಕ್ಕೆ ಮಮತೆ ಆಧಾರವಲ್ಲ. ಯಂತ್ರ ಕೆಟ್ಟಿತು ಎಂದು ನಾವು ಹೇಳುವಾಗ ಅದರಲ್ಲಿ ಕೆಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಆ ಲೆಕ್ಕವೇ ಈ ಲೇಖನದ ವಿಷಯ.

ಬಿಚ್ಚಿ ನೋಡಿದಾಗ

ಪದವಿಪೂರ್ವ ತರಗತಿಯ ಮೂವರು ವಿದ್ಯಾರ್ಥಿಗಳೊಂದಿಗೆ ಒಂದು ಭಾನುವಾರ ಯಂತ್ರದ ಮುಚ್ಚಳ ತೆಗೆದೆ. ಒಳಗೆ ಹಲ್ಲಿಯ ಮೊಟ್ಟೆ, ಇರುವೆಯ ಮಣ್ಣು, ಮಲೆನಾಡಿನ ಹಳೆಯ ಪೆಟ್ಟಿಗೆಗಳಲ್ಲೆಲ್ಲ ಇರುವ ಬೂಷ್ಟಿನ ವಾಸನೆ. ಕಂದು ಬಣ್ಣದ ಸರ್ಕ್ಯೂಟ್ ಬೋರ್ಡಿನ ಒಂದು ಭಾಗ ಇದ್ದಿಲಾಗಿತ್ತು. ಸುಟ್ಟು ಇದ್ದಿಲಾದ ಬೋರ್ಡು ವಿದ್ಯುತ್ತನ್ನು ತಡೆಯುವ ಬದಲು ತಾನೇ ಹರಿಯಬಿಡತೊಡಗುತ್ತದೆ. ಅದನ್ನು ಕೆರೆದು ಸರಿಪಡಿಸುವುದರಲ್ಲಿ ಅರ್ಥವಿರಲಿಲ್ಲ. ದೊಡ್ಡ ಕೆಪಾಸಿಟರುಗಳ ಒಳಗಿನ ದ್ರವ ಒಣಗಿತ್ತು. ಹಳೆಯ ಇಂಗಾಲದ ರೆಸಿಸ್ಟರುಗಳು ತೇವ ಕುಡಿದು ತಮ್ಮ ಮೇಲೆ ಬರೆದ ಬೆಲೆಗಿಂತ ಬಹಳ ಮೇಲೇರಿದ್ದವು.

ಇನ್ನು ಉಳಿದದ್ದರ ಪಟ್ಟಿ. ಟ್ರಾನ್ಸ್‌ಫಾರ್ಮರಿನ ಸುರುಳಿಗಳು ಕಡಿದಿರಲಿಲ್ಲ. ಸುರುಳಿಗೂ ಕಬ್ಬಿಣಕ್ಕೂ ನಡುವಿನ ನಿರೋಧ ಗಟ್ಟಿಯಾಗಿತ್ತು. 18-0-18 ವೋಲ್ಟಿನ ಹೊರಹರಿವು ಸರಿಯಾಗಿ ಬಂದಿತು. ತಗಡಿನ ಪೆಟ್ಟಿಗೆ, ಶಾಖ ಹೊರಹಾಕುವ ಅಲ್ಯುಮಿನಿಯಂ ರೆಕ್ಕೆಗಳು, ಸ್ವಿಚ್ಚು, ಗುಬುಟುಗಳು ಎಲ್ಲವೂ ಗಟ್ಟಿಮುಟ್ಟಾಗಿದ್ದವು. ನಾಲ್ಕು ಟ್ರಾನ್ಸಿಸ್ಟರುಗಳಲ್ಲಿ ಮೂರು ಜೀವಂತವಾಗಿದ್ದವು. ವಿದ್ಯಾರ್ಥಿಗಳು ಅಂಗಡಿಯ ತಕ್ಕಡಿ ತಂದು ಕೆಟ್ಟದ್ದನ್ನೂ ಉಳಿದದ್ದನ್ನೂ ಬೇರೆಬೇರೆಯಾಗಿ ತೂಗಿದರು. ಕೆಟ್ಟದ್ದು ಅರ್ಧ ಕಿಲೋ ತುಂಬಲಿಲ್ಲ. ಆ ಅರ್ಧ ಕಿಲೋದ ಸಲುವಾಗಿ ಊರು ಹಲವು ಕಿಲೋ ಕಬ್ಬಿಣ, ತಾಮ್ರ, ಅಲ್ಯುಮಿನಿಯಂಗಳನ್ನು ಎಸೆಯಲು ಹೊರಟಿತ್ತು.

ಈ ಲೋಹಗಳು ಎಲ್ಲಿಂದ ಬರುತ್ತವೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆಮುಖದ ಬೆಟ್ಟಗಳನ್ನು ಅಗೆದು ತೆಗೆದ ಅದಿರು ನೀರಿನೊಡನೆ ಬೆರೆತು ಕೊಳವೆಯಲ್ಲಿ ಮಂಗಳೂರಿನ ಕಡಲತೀರಕ್ಕೆ ಇಳಿದುದನ್ನೂ, ಭದ್ರೆಯ ನೀರು ಮಳೆಗಾಲದಲ್ಲಿ ಕೆಂಪಾಗಿ ಹರಿದುದನ್ನೂ ನಮ್ಮ ತಲೆಮಾರು ಕಂಡಿದೆ. 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಫಲವಾಗಿ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ವಾಚನಾಲಯದ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಅಲ್ಲಿಯದೇ ಎಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲ ಕಬ್ಬಿಣವೂ ಯಾವುದೋ ಬೆಟ್ಟದ್ದೇ, ಯಾವುದೋ ಹೊಳೆಯ ಮೇಲಿನ ಊರಿನದೇ. ಗಣಿ ಬೇಡವೆಂದು ಘೋಷಣೆ ಕೂಗಿದ ನಾವು, ಗಣಿಯಿಂದ ಆಗಲೇ ಬಂದಿರುವ ಲೋಹವನ್ನು ಹೇಗೆ ನೋಡಿಕೊಳ್ಳುತ್ತಿದ್ದೇವೆ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ಫಿಲಡೆಲ್ಫಿಯಾದ ಒಂದು ಪಾಠ

ಹಳೆಯ ಆಂಪ್ಲಿಫೈಯರಿನ ಲೋಹವನ್ನು ಉಳಿಸಿಕೊಂಡು ಬೋರ್ಡನ್ನು ಮಾತ್ರ ಬದಲಿಸುವ ಉಪಾಯ ನನ್ನದಲ್ಲ. ಅದಕ್ಕೆ ದೊಡ್ಡ ಮೇಲ್ಪಂಕ್ತಿಯೊಂದು ಅಮೆರಿಕದಲ್ಲಿದೆ. ಫಿಲಡೆಲ್ಫಿಯಾದ ಡೈನಾಕೊ ಕಂಪನಿ 1959ರಲ್ಲಿ ಸ್ಟೀರಿಯೊ 70 ಎಂಬ ವಾಲ್ವ್ ಆಂಪ್ಲಿಫೈಯರನ್ನು ಮಾರುಕಟ್ಟೆಗೆ ತಂದಿತು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಡೇವಿಡ್ ಹಾಫ್ಲರ್ ಅವರ ದೃಷ್ಟಿ ಸರಳವಾಗಿತ್ತು. ಒಳ್ಳೆಯ ಧ್ವನಿ ಶ್ರೀಮಂತರ ಸೊತ್ತಾಗಬಾರದು. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಟ್ಟರೆ ಕೊಂಡವರೇ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದು. ನಾಲ್ಕು ಇಎಲ್34 ವಾಲ್ವುಗಳು, ಚಾನೆಲಿಗೆ 35 ವ್ಯಾಟ್, ಸುಮಾರು 14 ಕಿಲೋ ತೂಕ. ಆ ತೂಕದ ಬಹುಪಾಲು ಮೂರು ಟ್ರಾನ್ಸ್‌ಫಾರ್ಮರುಗಳದ್ದು. ಇಂಥ ಮೂರು ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದವು.

ಕಿಟ್ಟಿನೊಂದಿಗೆ ಬರುತ್ತಿದ್ದ ಕೈಪಿಡಿ ವಿಶೇಷವಾಗಿ ಗಮನಿಸಬೇಕಾದದ್ದು. ಯಾವ ತಂತಿ ಯಾವ ಮೊಳೆಗೆ, ಎಲ್ಲಿ ಬೆಸುಗೆ, ಎಲ್ಲಿ ಕಾಯಬೇಕು ಎಂಬುದನ್ನು ಚಿತ್ರಸಹಿತ, ಹೆಜ್ಜೆಹೆಜ್ಜೆಯಾಗಿ ಹೇಳುತ್ತಿತ್ತು. ಪೂರ್ಣ ಸರ್ಕ್ಯೂಟ್ ನಕ್ಷೆ ಅದರಲ್ಲಿತ್ತು. ಕೊನೆಯಲ್ಲಿ ಮೀಟರು ಹಿಡಿದು ಒಂದು ಬಿಂದುವಿನಲ್ಲಿ 1.56 ವೋಲ್ಟ್ ಬರುವಂತೆ ತಿರುಪು ತಿರುಗಿಸಬೇಕೆಂಬ ಸೂಚನೆಯೂ ಇತ್ತು. ಎಂಜಿನಿಯರನಿಗಲ್ಲದೆ ಬೇರೆಯವರಿಗೆ ತಿಳಿಯಬಾರದ ಗುಟ್ಟು ಎಂಬುದು ಆ ಯಂತ್ರದಲ್ಲಿ ಇರಲೇ ಇಲ್ಲ.

ವರ್ಷಗಳು ಕಳೆದಂತೆ ಯಂತ್ರದ ದುರ್ಬಲ ಭಾಗ ಬಯಲಾಯಿತು. ಟ್ರಾನ್ಸ್‌ಫಾರ್ಮರುಗಳು ಗಟ್ಟಿಯಾಗಿ ಉಳಿದವು. ಆದರೆ ಮುಂಭಾಗದ ಕಂದು ಬೋರ್ಡು ವಾಲ್ವುಗಳ ಕಾವಿಗೆ ಸುಟ್ಟು ಕಪ್ಪಾಯಿತು. ಆ ಬೋರ್ಡಿನಲ್ಲಿ ಕೂರುತ್ತಿದ್ದ 7199 ಎಂಬ ವಾಲ್ವಿನ ತಯಾರಿಕೆ ನಿಂತು ಅದು ದುರ್ಲಭವಾಯಿತು. 1970ರ ದಶಕದಲ್ಲಿ ಸ್ಟೀರಿಯೊ 70ರ ತಯಾರಿಕೆಯೂ ನಿಂತಿತು. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯಬೇಕು. ಮೂರು ಲಕ್ಷ ಪೆಟ್ಟಿಗೆಗಳು ಗುಜರಿಯ ದಾರಿ ಹಿಡಿಯಬೇಕು. ಹಾಗಾಗಲಿಲ್ಲ. ನಕ್ಷೆ ಎಲ್ಲರ ಬಳಿಯೂ ಇದ್ದುದರಿಂದ ಸಣ್ಣ ತಯಾರಕರೂ ಹವ್ಯಾಸಿಗಳೂ ಹೊಸ ಬೋರ್ಡುಗಳನ್ನು ರೂಪಿಸಿದರು. ಸುಲಭವಾಗಿ ಸಿಗುವ 12ಎಯು7, 6ಜಿಎಚ್8 ಮುಂತಾದ ವಾಲ್ವುಗಳಿಗೆ ಹೊಂದುವಂತೆ, ಹಳೆಯ ತಗಡಿನ ಹಳೆಯ ತೂತುಗಳಿಗೇ ಕೂರುವಂತೆ ಅವನ್ನು ಮಾಡಿದರು. ಆರು ದಶಕ ದಾಟಿದ ಟ್ರಾನ್ಸ್‌ಫಾರ್ಮರುಗಳು ಇಂದಿಗೂ ಆ ಹೊಸ ಬೋರ್ಡುಗಳ ಜೊತೆ ದುಡಿಯುತ್ತಿವೆ.

ತಯಾರಕನು ಹಿಂದೆ ಸರಿದ ಮೇಲೂ ಈ ಯಂತ್ರ ಬದುಕಿದ್ದೇಕೆ ಎಂದು ಓದುಗರು ಯೋಚಿಸಬೇಕು. ಟ್ರಾನ್ಸ್‌ಫಾರ್ಮರುಗಳು ಗಟ್ಟಿಯಾಗಿದ್ದವು, ನಿಜ. ಆದರೆ ಗಟ್ಟಿ ಕಬ್ಬಿಣ ಎಷ್ಟೋ ಯಂತ್ರಗಳಲ್ಲಿದೆ. ಇಲ್ಲಿ ಬೇಗ ಸವೆಯುವ ಭಾಗ ಬಿಚ್ಚಲು ಬರುವಂತೆ ಬೇರೆಯಾಗಿತ್ತು, ಯಂತ್ರದ ತಿಳಿವಳಿಕೆ ಬಳಸುವವನ ಕೈಯಲ್ಲೇ ಇತ್ತು. ಊರಿನ ಬೀಜ ಊರಿನಲ್ಲೇ ಉಳಿದರೆ ಕಂಪನಿ ಇದ್ದರೂ ಹೋದರೂ ಬೇಸಾಯ ನಡೆಯುತ್ತದೆ. ಯಂತ್ರದ ವಿಷಯದಲ್ಲಿ ಆ ಬೀಜದ ಸ್ಥಾನ ನಕ್ಷೆಯದು.

ಕಸಿಯ ನಿಯಮ

ನಮ್ಮ ಕೆಲಸಕ್ಕೆ ಮರಳುತ್ತೇನೆ. ವಾಲ್ವುಗಳ ಗೊಡವೆ ನಮಗಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಬೋರ್ಡ್ ಕಿಟ್ ತರಿಸಿದೆವು. ಹಳೆಯ ಯಂತ್ರದ ಲೋಹದ ಟ್ರಾನ್ಸಿಸ್ಟರುಗಳು 2ಎನ್3055 ಎಂಬ ಮಾದರಿಯವು. 1960ರ ದಶಕದಲ್ಲಿ ಬಂದ ಈ ಮಾದರಿಯನ್ನು ಅನೇಕ ಕಂಪನಿಗಳು ತಯಾರಿಸಿದವು. ಆದ್ದರಿಂದಲೇ ಸತ್ತುಹೋದ ಒಂದಕ್ಕೆ ಬದಲಿ ಸುಲಭವಾಗಿ ದೊರೆಯಿತು. ಒಂದೇ ಕಂಪನಿ ಮಾಡುವ ವಿಶೇಷ ಐಸಿಯನ್ನು ನಂಬಿದ ಎಷ್ಟೋ ಯಂತ್ರಗಳು ಆ ಐಸಿ ನಿಂತ ದಿನವೇ ಅನಾಥವಾಗಿವೆ.

ಕಾಳುಮೆಣಸಿನ ಬಳ್ಳಿಯನ್ನು ಹಿಪ್ಪಲಿಯ ಬೇರಿಗೆ ಕಸಿ ಕಟ್ಟುವುದನ್ನು ನಮ್ಮ ರೈತರು ಬಲ್ಲರು. ಸೊರಗು ರೋಗಕ್ಕೆ ಜಗ್ಗದ, ನೀರು ನಿಲ್ಲುವ ಜಾಗವನ್ನೂ ಸಹಿಸುವ ಬೇರು ಕೆಳಗೆ; ನಮಗೆ ಬೇಕಾದ ಬಳ್ಳಿ ಮೇಲೆ. ಕಸಿ ಹಿಡಿಯಬೇಕಾದರೆ ಎರಡರ ಕಾಂಡವೂ ಒಂದೇ ಗಾತ್ರದ್ದಾಗಿರಬೇಕು, ತೊಗಟೆಯ ಒಳಪದರಗಳು ಕೂಡಬೇಕು. ಹಳೆಯ ಟ್ರಾನ್ಸ್‌ಫಾರ್ಮರಿಗೆ ಹೊಸ ಬೋರ್ಡು ಕಟ್ಟುವುದೂ ಅಂಥ ಕೆಲಸವೇ. ಹಳೆಯ ಬೇರು ಕೊಡುವ ವೋಲ್ಟೇಜನ್ನು ಹೊಸ ಬೋರ್ಡು ತಾಳಬೇಕು. 18-0-18 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ಶೋಧಿಸಿದ ಮೇಲೆ ಸುಮಾರು 25 ವೋಲ್ಟ್ ಮೇಲಕ್ಕೆ, 25 ವೋಲ್ಟ್ ಕೆಳಕ್ಕೆ ದೊರೆಯುತ್ತದೆ. ಬೋರ್ಡು ಅದಕ್ಕೆ ಸರಿಯಾದುದೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಟ್ರಾನ್ಸಿಸ್ಟರಿಗೂ ಅಲ್ಯುಮಿನಿಯಂ ರೆಕ್ಕೆಗೂ ನಡುವೆ ಅಭ್ರಕದ ತೆಳು ಹಾಳೆ ಇರಲೇಬೇಕು. ಅದು ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಭೂಮಿಯ ತಂತಿಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಬೇಕು. ಇಲ್ಲವಾದರೆ ಹಾಡಿನ ಹಿಂದೆ ಜೇನುಗೂಡಿನ ಗುಂಯ್‌ಗುಡುವಿಕೆ ಕೇಳುತ್ತದೆ.

ಮೂರು ಭಾನುವಾರಗಳಲ್ಲಿ ಬೆಸುಗೆಯ ಕೆಲಸ ಮುಗಿಯಿತು. ಊರಿನಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಬಂದು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು: "ನೇರವಾಗಿ ಕರೆಂಟು ಕೊಡಬೇಡಿ ಡಾಕ್ಟ್ರೇ, ಸೀರೀಸಿನಲ್ಲಿ ಬಲ್ಬು ಹಾಕಿ." ನೂರು ವ್ಯಾಟಿನ ಹಳೆಯ ತಂತಿಬಲ್ಬನ್ನು ಸರಣಿಯಲ್ಲಿ ಜೋಡಿಸಿ ಸ್ವಿಚ್ಚು ಹಾಕಿದೆವು. ಎಲ್ಲವೂ ಸರಿಯಿದ್ದರೆ ಬಲ್ಬು ಒಮ್ಮೆ ಬೆಳಗಿ ಮಂಕಾಗಬೇಕು. ನಮ್ಮದು ಉರಿಯುತ್ತಲೇ ಉಳಿಯಿತು. ಎಲ್ಲಿಯೋ ಶಾರ್ಟ್ ಆಗಿದೆ ಎಂದು ಅದರ ಅರ್ಥ. ವಿದ್ಯಾರ್ಥಿನಿಯೊಬ್ಬಳು ನಕ್ಷೆಯನ್ನೂ ಬೋರ್ಡನ್ನೂ ಪಕ್ಕಪಕ್ಕದಲ್ಲಿಟ್ಟು ಅರ್ಧ ಗಂಟೆ ನೋಡಿ, ನಾಲ್ಕು ಡಯೋಡುಗಳಲ್ಲಿ ಒಂದನ್ನು ತಿರುಗುಮುರುಗು ಹಾಕಿರುವುದನ್ನು ತೋರಿಸಿದಳು. ಅದನ್ನು ಹಾಕಿದವನು ನಾನೇ. ಆ ಬಲ್ಬು ಇಲ್ಲದಿದ್ದರೆ ನಲವತ್ತು ವರ್ಷ ಬಾಳಿದ ಟ್ರಾನ್ಸ್‌ಫಾರ್ಮರನ್ನು ನಾನು ಕ್ಷಣಾರ್ಧದಲ್ಲಿ ಸುಡುತ್ತಿದ್ದೆ. ಪದವಿಗಿಂತ ಕೈಯ ಅನುಭವ ದೊಡ್ಡದೆಂಬುದನ್ನು ಒಪ್ಪಲು ನನಗೆ ಸಂಕೋಚವಿಲ್ಲ.

ಡಯೋಡನ್ನು ಸರಿಪಡಿಸಿದ ಮೇಲೆ ಬಲ್ಬು ಮಂಕಾಯಿತು. ಸ್ಪೀಕರಿಗೆ ಹೋಗುವ ತುದಿಯಲ್ಲಿ ನೇರ ವಿದ್ಯುತ್ತು 50 ಮಿಲಿವೋಲ್ಟಿಗಿಂತ ಕಡಿಮೆಯಿದೆಯೆಂದು ಮೀಟರಿನಲ್ಲಿ ನೋಡಿಕೊಂಡ ನಂತರವೇ ಸ್ಪೀಕರನ್ನು ಜೋಡಿಸಿದೆವು. ಸಂಜೆ ವಾಚನಾಲಯದಲ್ಲಿ ಹಳೆಯ ತಾಳಮದ್ದಳೆಯ ಕ್ಯಾಸೆಟ್ ಮೊಳಗಿತು. ಗಡುವಿಗೆ ಇನ್ನೂ ನಾಲ್ಕು ದಿನಗಳಿದ್ದವು. ಖರ್ಚಾದದ್ದು ಹೊಸ ಯಂತ್ರಕ್ಕೆಂದು ತೆಗೆದಿರಿಸಿದ ಹಣದ ಒಂದು ಸಣ್ಣ ಭಾಗ ಮಾತ್ರ.

ಆಕ್ಷೇಪಗಳಿಗೆ ಉತ್ತರ

ಹಳೆಯ ಯಂತ್ರಗಳು ವಿದ್ಯುತ್ತನ್ನು ನುಂಗುತ್ತವಲ್ಲ ಎಂಬುದು ಮೊದಲ ಆಕ್ಷೇಪ. ಇದು ನ್ಯಾಯವಾದ ಪ್ರಶ್ನೆ. ಮೇಲೆ ಹೇಳಿದ ಸ್ಟೀರಿಯೊ 70ರ ಲೆಕ್ಕ ನೋಡಿ. ನಾಲ್ಕು ದೊಡ್ಡ ವಾಲ್ವುಗಳ ತಂತಿ ಕಾಯಿಸಲೆಂದೇ ಸುಮಾರು 38 ವ್ಯಾಟ್ ಬೇಕು. ಅವುಗಳಲ್ಲಿ ಸದಾ ಹರಿಯುವ ವಿದ್ಯುತ್ತಿಗೆ ಮತ್ತೆ 80 ವ್ಯಾಟ್. ಉಳಿದುದನ್ನೂ ಕೂಡಿಸಿದರೆ ಹಾಡೊಂದೂ ಮೊಳಗದೆ ಸುಮ್ಮನಿರುವಾಗಲೇ 130 ವ್ಯಾಟಿಗೂ ಹೆಚ್ಚು. ನಮ್ಮ ಟ್ರಾನ್ಸಿಸ್ಟರ್ ಯಂತ್ರಕ್ಕೆ ಸುಮ್ಮನಿರುವಾಗ ಅದರ ಹತ್ತರಲ್ಲೊಂದು ಭಾಗದಷ್ಟು ಸಾಕು. ಆದ್ದರಿಂದ ಹಳೆಯದೆಲ್ಲವೂ ಹಸಿರು ಎಂದು ನಾನು ವಾದಿಸುತ್ತಿಲ್ಲ. ದಿನವಿಡೀ ಉರಿಯಬೇಕಾದ ಯಂತ್ರದಲ್ಲಿ ವಿದ್ಯುತ್ತಿನ ಲೆಕ್ಕವೇ ಮುಖ್ಯ. ವಾರಕ್ಕೆ ಕೆಲವು ಗಂಟೆ ದುಡಿಯುವ ಯಂತ್ರದಲ್ಲಿ ಲೋಹದ ಲೆಕ್ಕ ಮುಖ್ಯ. ಎರಡನ್ನೂ ಹಾಕಿ ನೋಡಿದ ಮೇಲೆಯೇ ತೀರ್ಮಾನಿಸಬೇಕು.

ಬೋರ್ಡು ಬದಲಿಸಿದರೆ ಹಳೆಯ ಯಂತ್ರದ ಮೂಲರೂಪ ಕೆಡುತ್ತದೆ ಎನ್ನುವವರೂ ಇದ್ದಾರೆ. ಹೊಸ ತೂತು ಕೊರೆಯದೆ ಹಳೆಯ ತೂತಿನಲ್ಲೇ ಬೋರ್ಡು ಕೂರಿಸಿ, ತೆಗೆದ ಬೋರ್ಡನ್ನು ಚೀಟಿ ಅಂಟಿಸಿ ಪೆಟ್ಟಿಗೆಯೊಂದಿಗೇ ಇಟ್ಟರೆ ಇತಿಹಾಸಕ್ಕೆ ಲೋಪವಾಗದು. ನಾವು ಹಾಗೆಯೇ ಮಾಡಿದ್ದೇವೆ.

ಇನ್ನೊಂದು ಆಕ್ಷೇಪ ಅಪಾಯದ್ದು. ಇದನ್ನು ಹಗುರವಾಗಿ ನೋಡಲೇಬಾರದು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವ್ ಯಂತ್ರಗಳಲ್ಲಿ ಅದು 400 ವೋಲ್ಟ್ ದಾಟಬಹುದು; ಒಮ್ಮೆ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ವಿದ್ಯಾರ್ಥಿಗಳು ವಾಲ್ವ್ ಯಂತ್ರಗಳನ್ನು ಒಂಟಿಯಾಗಿ ಬಿಚ್ಚಕೂಡದು. ಟ್ರಾನ್ಸಿಸ್ಟರ್ ಯಂತ್ರದಲ್ಲೂ 230 ವೋಲ್ಟಿನ ಒಳಹರಿವಿನ ಭಾಗವನ್ನು ಬಲ್ಲವರೇ ಮುಟ್ಟಬೇಕು, ಕೆಪಾಸಿಟರುಗಳನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿಕೊಳ್ಳಬೇಕು. ಬೆಸುಗೆಯ ತಂತಿಯಲ್ಲಿ ಸೀಸವಿರುತ್ತದೆ. ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡಿ, ಊಟಕ್ಕೆ ಮುನ್ನ ಕೈ ತೊಳೆಯುವುದನ್ನು ಮರೆಯಬಾರದು.

ಕಾಯಿದೆ ಮತ್ತು ಕಸದ ರಾಶಿ

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ದಾಖಲಾದದ್ದು ಶೇ. 22.3 ಮಾತ್ರ. ಉಳಿದುದರ ಗತಿ ಏನೆಂಬುದನ್ನು ಪೇಟೆಯ ಅಂಚಿನ ಗುಜರಿ ಕೊಟ್ಟಿಗೆಗಳಲ್ಲಿ ನಾವೇ ನೋಡಬಹುದು. ತಾಮ್ರಕ್ಕಾಗಿ ತಂತಿಯನ್ನು ಬಯಲಿನಲ್ಲಿ ಸುಡುತ್ತಾರೆ. ಪ್ಲಾಸ್ಟಿಕ್ಕಿನ ವಿಷದ ಹೊಗೆ ಗಾಳಿಗೆ ಸೇರುತ್ತದೆ; ಬೆಸುಗೆಯ ಸೀಸ ಬೂದಿಯೊಂದಿಗೆ ಮಣ್ಣಿಗೆ ಸೇರಿ ಅಲ್ಲಿಯೇ ಉಳಿಯುತ್ತದೆ. ಗೊಬ್ಬರ ಹಾಕಿ, ಸುಣ್ಣ ಹಾಕಿ ಮಣ್ಣಿನ ಎಷ್ಟೋ ದೋಷಗಳನ್ನು ತಿದ್ದಬಹುದು. ಸೀಸವನ್ನು ಮಣ್ಣಿನಿಂದ ಹೊರತೆಗೆಯುವ ಸುಲಭೋಪಾಯ ಯಾವುದೂ ರೈತನ ಕೈಯಲ್ಲಿಲ್ಲ. ಮಣ್ಣು ಪರೀಕ್ಷೆ ಮಾಡುವವನಿಗೆ ಆಂಪ್ಲಿಫೈಯರಿನಲ್ಲಿ ಏನು ಕೆಲಸ ಎಂದು ಕೇಳಿದ ಹಿರಿಯರಿಗೆ ನನ್ನ ಉತ್ತರ ಇದೇ.

ವಿದ್ಯುನ್ಮಾನ ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳು ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿರುವುದು ಸ್ವಾಗತಾರ್ಹ. ಆದರೆ ಪುಡಿ ಮಾಡಿ ಲೋಹ ತೆಗೆಯುವುದಕ್ಕೆ ಸಿಕ್ಕಿರುವ ಗಮನ, ಪುಡಿಯಾಗದಂತೆ ಉಳಿಸುವವನಿಗೆ ಸಿಕ್ಕಿಲ್ಲ. ರಿಪೇರಿಯ ಹಕ್ಕನ್ನು ಕುರಿತು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿಯೊಂದನ್ನು ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳಲ್ಲಿ ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳ ಜೊತೆಗೆ ಕೃಷಿ ಯಂತ್ರಗಳೂ ಸೇರಿವೆ. ಇದು ಪಟ್ಟಣದವರ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಔಷಧಿ ಸಿಂಪಡಿಸುವ ಪಂಪು, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರಗಳು ಕೊಯ್ಲಿನ ನಡುವೆ ಕೆಟ್ಟು ನಿಂತಾಗ ನಕ್ಷೆ ಇಲ್ಲ, ಬಿಡಿಭಾಗ ಇಲ್ಲ, ಹೊಸದೇ ಕೊಳ್ಳಿ ಎಂಬ ಮಾತನ್ನು ಕೇಳದ ರೈತರು ನಮ್ಮಲ್ಲಿ ಯಾರಿದ್ದಾರೆ?

ನಾವು ಮಾಡಬಹುದಾದದ್ದು

ಓದುಗರಲ್ಲಿ ನನ್ನ ವಿನಂತಿ ಇಷ್ಟು. ಯಾವುದೇ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಬಲ್ಲವರಿಂದ ಒಮ್ಮೆ ಬಿಚ್ಚಿಸಿ, ಕೆಟ್ಟದ್ದೆಷ್ಟು ಉಳಿದದ್ದೆಷ್ಟು ಎಂದು ನೋಡಿ. ಹೊಸದನ್ನು ಕೊಳ್ಳುವಾಗ ಸರ್ಕ್ಯೂಟ್ ನಕ್ಷೆ ಇದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಇಂದು ಅವರ ಬಳಿ ಉತ್ತರವಿಲ್ಲದಿದ್ದರೂ ಹತ್ತು ಜನ ಕೇಳಿದರೆ ಆ ಪ್ರಶ್ನೆ ಕಂಪನಿಯನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಯಂತ್ರವನ್ನು ಒಂದು ಗಂಟೆ ನಡೆಸಿ, ಒಳಗಿನ ತೇವ ಆರಲಿ. ಸಿಡಿಲಿನ ಮೋಡ ಕಂಡೊಡನೆ ಪ್ಲಗ್ಗನ್ನು ಕಿತ್ತಿಡಿ. ಯಾವುದಕ್ಕೂ ಬಾರದ ಬೋರ್ಡು ಮತ್ತು ಬ್ಯಾಟರಿಗಳನ್ನು ಸುಡಬೇಡಿ, ಹೊಳೆಗೆ ಎಸೆಯಬೇಡಿ. ಒಂದೆಡೆ ಕೂಡಿಹಾಕಿ ಅಧಿಕೃತ ಸಂಗ್ರಹಕಾರರಿಗೇ ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕೈಗಳನ್ನು ಉಳಿಸಿಕೊಳ್ಳುವುದು. ನಮ್ಮೂರಿನಲ್ಲಿ ರೇಡಿಯೋ ರಿಪೇರಿ ಬಲ್ಲವರು ಒಬ್ಬರೇ ಉಳಿದಿದ್ದಾರೆ, ಅವರಿಗೂ ವಯಸ್ಸಾಗಿದೆ. ಅವರ ತಿಳಿವಳಿಕೆ ಅವರೊಂದಿಗೇ ಹೋದರೆ ಎಷ್ಟು ಒಳ್ಳೆಯ ಬೋರ್ಡು ತರಿಸಿದರೂ ಕೂರಿಸುವವರಿಲ್ಲ. ಆದ್ದರಿಂದ ವಾಚನಾಲಯದಲ್ಲಿ ತಿಂಗಳ ಮೊದಲ ಭಾನುವಾರ ರಿಪೇರಿಯ ಮೇಜು ಹಾಕಲು ನಿರ್ಧರಿಸಿದ್ದೇವೆ. ಒಂದು ಮೀಟರು, ಎರಡು ಬೆಸುಗೆ ಕಡ್ಡಿ, ಸರಣಿಯ ಬಲ್ಬು ಮತ್ತು ಆ ಹಿರಿಯರು ಅಲ್ಲಿರುತ್ತಾರೆ. ಡಯೋಡಿನ ತಪ್ಪು ಹಿಡಿದ ವಿದ್ಯಾರ್ಥಿನಿ ಅವರ ಮೊದಲ ಶಿಷ್ಯೆ. ಅಕ್ಕಪಕ್ಕದ ಊರುಗಳವರೂ ತಮ್ಮ ತಮ್ಮ ಶಾಲೆ, ಸೊಸೈಟಿ, ದೇವಸ್ಥಾನದ ಜಗಲಿಗಳಲ್ಲಿ ಇಂಥ ಮೇಜು ಹಾಕಲಿ.

ಬೆಟ್ಟದಿಂದ ಹೊರಬಂದ ಕಬ್ಬಿಣವನ್ನು ಬೆಟ್ಟಕ್ಕೆ ಮರಳಿಸುವುದು ಯಾರಿಂದಲೂ ಆಗದು. ಅದು ಇನ್ನೊಂದು ನಲವತ್ತು ವರ್ಷ ದುಡಿಯುವಂತೆ ನೋಡಿಕೊಳ್ಳುವುದು ನಮ್ಮಿಂದ ಆಗುತ್ತದೆ.